ಜೋಡಿ ಬಾಣ

ಜೂನ್ 3, ಸೋಮವಾರ

ನಮ್ಮ ಕಚೇರಿ ಏಳನೇ ನಂಬರ್ ಬಸ್ಸಿನ ಪ್ರಯಾಣಿಕರನ್ನು ಲೆಕ್ಕದಿಂದ ಅಳಿಸುತ್ತಿದೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ಸಾಕ್ಷಿ ನನ್ನ ಮುಂದಿದೆ. ಮೇ 20ರ ವರದಿಯಲ್ಲಿ ಏಳನೇ ನಂಬರಿಗೆ ದಿನಕ್ಕೆ ಸರಾಸರಿ 225 ಜನ. ಮೇ 27ರ ವರದಿಯಲ್ಲಿ 216. ಇವತ್ತಿನದರಲ್ಲಿ 206. ಮೂರರಲ್ಲೂ ಇರುವುದು ಕಳೆದ ವರ್ಷದ ಲೆಕ್ಕವೇ. ಮುಗಿದುಹೋದ ವರ್ಷ! ಆಗ ಬಸ್ಸು ಹತ್ತಿದವರು ಈಗ ಹಿಂದಕ್ಕೆ ಹೋಗಿ ಇಳಿದು ಬಂದರೇ?

ಈ ತಿಂಗಳ 28ಕ್ಕೆ ಸಮಿತಿ ಕೂರುತ್ತದೆ. ಸರಾಸರಿ ಇನ್ನೂರಕ್ಕಿಂತ ಕಡಿಮೆಯಾದ ಬಸ್ಸುಗಳನ್ನು ನಿಲ್ಲಿಸುತ್ತದೆ. ಯಾರಿಗೋ ಏಳನೇ ನಂಬರ್ ನಿಲ್ಲಬೇಕಾಗಿದೆ. ಲೆಕ್ಕ ಮಾಡುವವರು ನಮ್ಮ ವಿಭಾಗದ ಹಿರಿಯರು, ಎಲ್ಲರ ಬಾಯಲ್ಲಿ "ಆಗಲಿ ಸರ್". ಯಾರು ಏನು ಕೇಳಿದರೂ "ಆಗಲಿ" ಅನ್ನುವ ಮನುಷ್ಯ. ನಿವೃತ್ತಿಗೆ ಎರಡು ವರ್ಷ. ಇಂಥವರ ಕೈಯಲ್ಲೇ ಅನ್ಯಾಯಗಳು ಸದ್ದಿಲ್ಲದೆ ನಡೆದುಹೋಗುವುದು.

ಅಂಕಿಅಂಶ ವಿಭಾಗಕ್ಕೆ ಸೇರಿ ಏಳು ವಾರವಾಯಿತು. ಕಾಲೇಜಿನಲ್ಲಿ ನನಗೆ ಯಾರೂ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದನ್ನು ಕಲಿಸಲಿಲ್ಲ. ನಾಲ್ಕು ತೆಳ್ಳನೆಯ ಕಿರುಹೊತ್ತಿಗೆಗಳು ಕಲಿಸಿದವು. ಅದರಲ್ಲೊಂದರ ಮೂರು ವಾಕ್ಯಗಳನ್ನು ಬರೆದು ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಒಳ್ಳೆಯ ಫಂಕ್ಷನ್ನಿಗೆ, ಅಂದರೆ ಪ್ರೋಗ್ರಾಮಿನೊಳಗೆ ಒಂದೇ ಕೆಲಸ ಮಾಡುವ ತುಣುಕಿಗೆ, ಇರಬೇಕಾದ ನಡತೆ:

ಕೊಟ್ಟದ್ದನ್ನು ತೆಗೆದುಕೋ. ಕೇಳಿದ್ದನ್ನು ಹಿಂದಿರುಗಿಸು. ಬೇರೇನನ್ನೂ ಮುಟ್ಟಬೇಡ.

ಒಂದೇ ಪ್ರಶ್ನೆಗೆ ಸಾವಿರ ಸಲ ಒಂದೇ ಉತ್ತರ. ನಾನೂ ಹಾಗೇ ಬದುಕಬೇಕೆಂದಿದ್ದೇನೆ. ಯಾರ ಹಂಗಿಗೂ ಬೀಳದೆ, ಯಾರಿಗೂ ಅಂಟದೆ.

ಜೂನ್ 4, ಮಂಗಳವಾರ

ದೊಡ್ಡಮ್ಮ ಬೆಳಗ್ಗೆ ಏಳನೇ ನಂಬರ್ ಹತ್ತಿ ಆಸ್ಪತ್ರೆಗೆ ಹೋಗಿ ಬಂದಳು. ಮಂಗಳವಾರ, ಶುಕ್ರವಾರ ಅವಳ ಮಂಡಿಯ ವ್ಯಾಯಾಮದ ದಿನ. ಮಂಡಿ ನೆಪ ಅಷ್ಟೇ ಅನ್ನುವುದು ನನ್ನ ಗುಮಾನಿ. ಬಸ್ಸಿನಲ್ಲಿ ಅವಳದೊಂದು ಪಟಾಲಂ ಇದೆ. ಬೀಗ ರಿಪೇರಿಯವರು, ನಿವೃತ್ತ ನರ್ಸ್ ಒಬ್ಬರು, ಇನ್ನೂ ಯಾರ್ಯಾರೋ. ಹೋಗುವಾಗ ಕುಂಟುತ್ತಾಳೆ, ಬರುವಾಗ ನಗುತ್ತಾಳೆ.

ಹೊಸ ಮಾತ್ರೆಯ ಚೀಟಿ ಓದುತ್ತಾ ಕೇಳಿದಳು, "ಅಡ್ಡ ಪರಿಣಾಮ ಅಂತ ಒಂದು ಮೊಳ ಬರ್ದಿದಾರೆ. ತಲೆ ಸುತ್ತು, ನಿದ್ದೆ, ಬಾಯಿ ಒಣಗೋದು. ಏನ್ ಮಾಡ್ಲಿ?"

"ಅಡ್ಡ ಪರಿಣಾಮ ಇಲ್ಲದ್ದೇ ಶುದ್ಧ, ದೊಡ್ಡಮ್ಮ. ಮಾತ್ರೆ ಆಗ್ಲಿ, ಪ್ರೋಗ್ರಾಮ್ ಆಗ್ಲಿ."

"ಅಡ್ಡ ಪರಿಣಾಮ ಇಲ್ದಿರೋ ಮಾತ್ರೆ ಒಂದಿದೆ. ಸೀಮೆಸುಣ್ಣ. ನುಂಗ್ಲಾ?"

ವಾದಕ್ಕೆ ಸಮಯವಿರಲಿಲ್ಲ. ಕರಪತ್ರ ಬರೆಯುವುದಿತ್ತು. ಬರೆದೆ:

"ಏಳನೇ ನಂಬರಿನ ಪ್ರಯಾಣಿಕರನ್ನು ಅಳಿಸುತ್ತಿರುವ ಕೈ ಯಾವುದು? ಲೆಕ್ಕ ಬದಲಾಗುವುದಿಲ್ಲ, ಬದಲಾಯಿಸಲಾಗುತ್ತದೆ! ಉತ್ತರ ಕೊಡಿ!"

ಯಾರೂ ಬರುವ ಮೊದಲೇ ಹೋಗಿ ನಾಳೆ ಕಚೇರಿಯ ಸೂಚನಾ ಫಲಕಕ್ಕೆ ಅಂಟಿಸುತ್ತೇನೆ. ಹೆಸರು ಹಾಕುವುದಿಲ್ಲ. ಸತ್ಯಕ್ಕೆ ಸಹಿ ಬೇಕಿಲ್ಲ.

ಜೂನ್ 6, ಗುರುವಾರ

ಕರಪತ್ರ ಕೆಲಸ ಮಾಡಿದೆ! ಮೂರೂ ಮಹಡಿಯಲ್ಲಿ ಅದೇ ಮಾತು. ಮಧ್ಯಾಹ್ನ ಊಟಕ್ಕೆ ಆಗಲಿ ಸರ್ ಒಬ್ಬರೇ ಕೂತಿದ್ದರು. ಯಾವಾಗಲೂ ಜೊತೆಗೆ ಕೂರುವ ಟಿಕೆಟ್ ವಿಭಾಗದವರು ಬೇರೆ ಮೇಜಿಗೆ ಹೋಗಿದ್ದರು. ಸರ್ ಡಬ್ಬಿ ತೆರೆದು, ಸ್ವಲ್ಪ ನೋಡಿ, ಮತ್ತೆ ಮುಚ್ಚಿದರು.

ನನಗೇನೂ ಅನ್ನಿಸಲಿಲ್ಲ. ಡಬ್ಬಿ ತಿಳಿನೀಲಿ ಬಣ್ಣದ್ದು, ಮುಚ್ಚಳ ಒಂದು ಕಡೆ ಸೀಳಿದೆ. ಅದು ಯಾಕೆ ನೆನಪಿದೆಯೋ.

ಜೂನ್ 7, ಶುಕ್ರವಾರ

197.

ನಿರ್ದೇಶಕಿ ಬಂದು, "ಈ ನೇರಳೆ ಬಣ್ಣ ಕಣ್ಣಿಗೆ ಹೊಡಿಯತ್ತೆ, ಗ್ರಾಫ್ ಹಸಿರು ಮಾಡ್ಕೊಡಿ" ಅಂದರು. ಸರ್ "ಆಗಲಿ ಮೇಡಂ" ಅಂದರು. ಅರ್ಧ ಗಂಟೆಯಲ್ಲಿ ಹಸಿರು ಗ್ರಾಫ್ ಬಂತು. ಏಳನೇ ನಂಬರ್ 197. ಇನ್ನೂರರ ಗೆರೆಯ ಕೆಳಗೆ.

ದೊಡ್ಡಮ್ಮನಿಗೆ ಹೇಳಲಿಲ್ಲ. ಇವತ್ತು ಬಸ್ಸಿನಲ್ಲಿ ಯಾರೋ ಜೋಕು ಹೇಳಿದರಂತೆ, ಹೇಳಲು ಹೋಗಿ ಮಧ್ಯದಲ್ಲೇ ನಕ್ಕುನಕ್ಕು ಕೊನೆ ಮರೆತಳು.

ಜೂನ್ 10, ಸೋಮವಾರ

ಸಿಕ್ಕಿತು! ಸಿಕ್ಕಿತು! ಸಿಕ್ಕಿತು!

ಸರ್ ರಜೆ ಹಾಕಿದ್ದರಿಂದ ಅವರ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಓದಿದೆ. ನಾವು ಲೆಕ್ಕ ಮಾಡುವ ಕಂಪ್ಯೂಟರ್ ಭಾಷೆಯ ಹೆಸರು ಒಂದೇ ಅಕ್ಷರ, ಆರ್. (ದೊಡ್ಡಮ್ಮ: "ಭಾಷೆ ಆರು, ಬಸ್ಸು ಏಳು. ಎಂಟಕ್ಕೆ ಊಟ ಮಾಡ್ತೀಯಾ ಇಲ್ವಾ?") ಆರ್‌ನಲ್ಲಿ ಒಂದು ಹೆಸರಿಗೆ ಬೆಲೆ ಕೊಡಬೇಕಾದರೆ ಬಾಣ ಹಾಕುತ್ತೇವೆ. ಫಂಕ್ಷನ್ನಿನ ಒಳಗೆ ಒಂಟಿ ಬಾಣ ಹಾಕಿದರೆ ಅದು ತನ್ನ ಕೋಣೆಯಲ್ಲೇ, ತನ್ನ ಪ್ರತಿಯ ಮೇಲೆ ಕೆಲಸ ಮಾಡುತ್ತದೆ. ಜೋಡಿ ಬಾಣ ಹಾಕಿದರೆ ಬಾಗಿಲು ದಾಟಿ, ಹೊರಗಿನ ಪಡಸಾಲೆಯಲ್ಲಿರುವ ಮೂಲ ಪಟ್ಟಿಯನ್ನೇ ತಿದ್ದಿಬಿಡುತ್ತದೆ. ಇದೇ ಅಡ್ಡ ಪರಿಣಾಮ. ಕತ್ತರಿ ಕೇಳಲು ಬಂದ ಪಕ್ಕದ ಮನೆಯವಳು ಹೋಗುವಾಗ ನಮ್ಮ ಪರದೆ ಕತ್ತರಿಸಿ ಹೋದ ಹಾಗೆ.

ಸರ್ ಅವರ ಪ್ರೋಗ್ರಾಮಿನಲ್ಲಿ ಒಂದು ಫಂಕ್ಷನ್ ಇದೆ. ಅತಿ ಹೆಚ್ಚು ಜನ ಹತ್ತಿದ ದಿನಗಳನ್ನು, ನೂರಕ್ಕೆ ಐದರಂತೆ, "ಎಣಿಕೆ ತಪ್ಪಿರಬಹುದು" ಎಂದು ಬಿಟ್ಟು ಸರಾಸರಿ ತೆಗೆಯುವುದು ಅದರ ಕೆಲಸ. ಅದರಲ್ಲಿ ಜೋಡಿ ಬಾಣ! ಅಂದರೆ ಪ್ರತಿ ಸಲ ವರದಿ ತೆಗೆದಾಗಲೂ ಮೂಲ ಪಟ್ಟಿಯಿಂದಲೇ ಜನ ತುಂಬಿದ ದಿನಗಳು ಹೋಗುತ್ತವೆ. ಮುಂದಿನ ಸಲ ಉಳಿದದ್ದರಲ್ಲಿ ಮತ್ತೆ ನೂರಕ್ಕೆ ಐದು. ನಿರ್ದೇಶಕಿ ನೀಲಿ, ಕಿತ್ತಳೆ, ನೇರಳೆ, ಹಸಿರು ಅಂದ ಹಾಗೆಲ್ಲ ಬಸ್ಸಿನಿಂದ ಜನ ಇಳಿಯುತ್ತಾ ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ.

ಕಳೆದ ವರ್ಷ ಏಳನೇ ನಂಬರ್ ಓಡಿದ್ದು 300 ದಿನ. ಪಟ್ಟಿಯಲ್ಲಿ ಉಳಿದದ್ದು 246. ಕಾಣೆಯಾದ 54 ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಎಲ್ಲವೂ ಮಂಗಳವಾರ, ಇಲ್ಲವೇ ಶುಕ್ರವಾರ.

ದೊಡ್ಡಮ್ಮನ ದಿನಗಳು. ಆಸ್ಪತ್ರೆಯ ದಿನ ಬಸ್ಸಿನಲ್ಲಿ ನಾನೂರು ಜನ, ಬೇರೆ ದಿನ ನೂರೈವತ್ತು. ಬೇರೆ ಬಸ್ಸುಗಳಲ್ಲಿ ಎಲ್ಲ ದಿನವೂ ಒಂದೇ ಸಮ, ಅದಕ್ಕೇ ಅವುಗಳಿಗೆ ಏನೂ ಆಗಿಲ್ಲ.

ಸಂಚು ಯಾರದೂ ಅಲ್ಲ. ಬೆಳಗ್ಗೆ ಹೋದ ಕೂಡಲೇ ಕರಪತ್ರ ಕಿತ್ತುಹಾಕಬೇಕು.

ಜೂನ್ 11, ಮಂಗಳವಾರ

ಕರಪತ್ರ ಆಗಲೇ ಅಲ್ಲಿರಲಿಲ್ಲ. ಸರ್ ಅವರ ಮೇಜಿನ ಮೇಲಿತ್ತು. ನೀಟಾಗಿ ನಾಲ್ಕು ಮಡಿಕೆ.

"ಕೂತ್ಕೋಮ್ಮ" ಅಂದರು. "ನೀನು ಬರ್ದಿದ್ದು ಅಂತ ಅವತ್ತೇ ಗೊತ್ತಾಯ್ತು."

"ಹೇಗೆ ಸರ್?"

"ಈ ಕಚೇರೀಲಿ ಒತ್ತಕ್ಷರ ಸರಿಯಾಗಿ ಬರಿಯೋದು ನೀನೊಬ್ಬಳೇ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಜೋಡಿ ಬಾಣ ತೋರಿಸಿದೆ. ಅವರು ಪರದೆಗೆ ಮುಖ ಹತ್ತಿರ ತಂದು ತುಂಬಾ ಹೊತ್ತು ನೋಡಿದರು. ತೀರಾ ಹಳೆಯ ಫೋಟೋದಲ್ಲಿ ತಮ್ಮನ್ನೇ ಹುಡುಕುವವರ ಹಾಗೆ.

"ಒಂಬತ್ತು ವರ್ಷದ ಹಿಂದೆ ಬರ್ದಿದ್ದು. ಆಗಿನ ಕಂಪ್ಯೂಟರು ಪಾಪ, ಮುದುಕ. ಇಷ್ಟು ದೊಡ್ಡ ಪಟ್ಟೀದು ಎರಡು ಪ್ರತಿ ಇಟ್ರೆ ಉಸಿರು ಬಿಟ್ಬಿಡೋದು. ಅದಕ್ಕೇ ಇದ್ದಿದ್ರಲ್ಲೇ ತಿದ್ದೋಕೆ ಜೋಡಿ ಬಾಣ ಹಾಕ್ದೆ. ವರ್ಷಕ್ಕೆ ಒಂದೇ ಸಲ ವರದಿ, ಏನೂ ತೊಂದರೆ ಆಗ್ಲಿಲ್ಲ. ಈ ವರ್ಷ ಬಣ್ಣ ಶುರುವಾಯ್ತು."

"ಆದ್ರೆ ಸರ್, ಆರ್ ಮುಚ್ಚಿದ್ರೆ ಎಲ್ಲಾ ಅಳಿಸಿಹೋಗ್ಬೇಕಲ್ಲ? ಮರುದಿನ ಮೂಲ ಪಟ್ಟಿ ಹೊಸದಾಗಿ ಬರಬೇಕು."

"ಮುಚ್ಚುವಾಗ ಅದು ಒಂದು ಪ್ರಶ್ನೆ ಕೇಳತ್ತಲ್ಲಮ್ಮ. ಇವತ್ತಿನ ಸ್ಥಿತೀನ ಹಾಗೇ ಉಳಿಸಲಾ ಅಂತ."

"ನೀವೇನ್ ಹೇಳ್ತೀರಿ?"

"ಹೌದು ಅಂತೀನಿ. ಅಷ್ಟು ಮರ್ಯಾದೆಯಿಂದ ಕೇಳ್ದಾಗ ಬೇಡ ಅನ್ನೋದು ಹೇಗೆ?"

ನಗು ಬಂತು. ಅಳುವೂ ಬಂತು. ಅವರಿಗೂ ಎರಡೂ ಬಂದ ಹಾಗಿತ್ತು. ಹಳೆಯ ಪ್ರತಿ ಎಲ್ಲೂ ಇಲ್ಲ, ಎಲ್ಲವನ್ನೂ ಅದರ ಮೇಲೇ ಉಳಿಸಿದ್ದಾರೆ. ಇರುವುದು ಎಷ್ಟು ಜನ ಹತ್ತಿದರೆಂದು ಡ್ರೈವರುಗಳು ದಿನಕ್ಕೊಂದು ಬರೆದುಕೊಡುವ ಟ್ರಿಪ್ ಶೀಟು ಮಾತ್ರ. ಅವು ಡಿಪೋದ ಕಬ್ಬಿಣದ ಬೀರುವಿನಲ್ಲಿವೆ, ಎಲ್ಲ ಬಸ್ಸಿನವೂ ಕಲಸಿಕೊಂಡು.

ತಪ್ಪಾಯಿತು ಅಂದೆ. ಕರಪತ್ರವನ್ನು ಫಲಕದಿಂದ ತೆಗೆಯಬಹುದು, ಓದಿದವರ ಕಣ್ಣಿಂದ ತೆಗೆಯಲಾಗುವುದಿಲ್ಲ ಅಂತಲೂ ಅಂದೆ.

"ನಿಂದೂ ಒಂದು ಜೋಡಿ ಬಾಣ ಬಿಡು" ಅಂದರು ಸರ್. "ನನ್ನದು ಐವತ್ನಾಲ್ಕು ದಿನ ತಿಂತು. ನಿಂದು ನನ್ನ ಮೂರು ಊಟ ತಿಂತು. ನಿಂದೇ ಚಿಕ್ಕದು."

ಮಧ್ಯಾಹ್ನ ಅವರ ಮೇಜಿನಲ್ಲೇ ಊಟಕ್ಕೆ ಕೂತೆ. ಎಲ್ಲರೂ ನೋಡಲಿ ಎಂದೇ ಕೂತೆ. ಟಿಕೆಟ್ ವಿಭಾಗದವರನ್ನೂ ಕೂಗಿ ಕರೆದು, ಕರಪತ್ರ ಬರೆದವಳು ನಾನೇ, ಬರೆದದ್ದು ತಪ್ಪು ಎಂದೆ. ಅವರು ಬಂದು ಕೂತರು. ಸರ್ ಅವರ ಡಬ್ಬಿಯ ಮುಚ್ಚಳ ಸೀಳಿದ್ದಲ್ಲವಂತೆ, ಮೊಮ್ಮಗಳು ಕಚ್ಚಿದ್ದಂತೆ.

ಜೂನ್ 13, ಗುರುವಾರ

ಇಡೀ ಪ್ರೋಗ್ರಾಮನ್ನು ಹೊಸದಾಗಿ ಬರೆದೆ. ಹನ್ನೊಂದು ಪುಟ್ಟ ಫಂಕ್ಷನ್ನುಗಳು. ಒಂದರಲ್ಲೂ ಜೋಡಿ ಬಾಣವಿಲ್ಲ. ಯಾವುದೂ ಹೊರಗಿನದನ್ನು ಮುಟ್ಟುವುದಿಲ್ಲ, ತೆರೆಯುವುದಿಲ್ಲ, ಉಳಿಸುವುದಿಲ್ಲ, ತೋರಿಸುವುದಿಲ್ಲ. ಪರಿಶುದ್ಧ! ಸಂಜೆ ಮನೆಯಲ್ಲಿ ದೊಡ್ಡಮ್ಮನನ್ನು ಕೂರಿಸಿಕೊಂಡು ಓಡಿಸಿದೆ.

"ಆಯ್ತಾ?" ಅಂದಳು.

"ಆಯ್ತು."

"ಎಲ್ಲಿ? ಏನೂ ಕಾಣಿಸ್ತಿಲ್ವಲ್ಲ."

"ತೆರೆ ಮೇಲೆ ತೋರಿಸೋದೂ ಅಡ್ಡ ಪರಿಣಾಮಾನೇ, ದೊಡ್ಡಮ್ಮ."

ಅವಳು ಕನ್ನಡಕ ತೆಗೆದು ನನ್ನನ್ನು ನೋಡಿದಳು. ಮೂವತ್ತು ವರ್ಷ ಬಟ್ಟೆ ಹೊಲಿದವಳು. ಅಳತೆ ತೆಗೆಯುವವರ ನೋಟ ಅದು.

"ಚೆನ್ನಾಗಿ ಹೊಲಿದು ಪೆಟ್ಟಿಗೇಲಿಟ್ಟು ಬೀಗ ಹಾಕಿದ ಅಂಗಿ. ಯಾರ ಮೈಗೂ ಬರ್ಲಿಲ್ಲ. ಕೊಳೆ ಆಗ್ಲಿಲ್ಲ ನಿಜ."

"ಮತ್ತೆ ಕತ್ತರಿ ಹಾಕಿದ ಮೇಲೆ ಬಟ್ಟೆ ಹಾಳಾದ್ರೆ?"

"ಅದಕ್ಕೇ ಮೊದಲು ಕಾಗದದ ಮೇಲೆ ಕತ್ತರಿಸೋದು. ಕಾಗದ ಎಷ್ಟು ಹಾಳಾದ್ರೂ ಬಟ್ಟೆಗೆ ನೋವಿಲ್ಲ. ಎಲ್ಲಾ ಸರಿ ಇದೆ ಅಂತಾದ್ಮೇಲೆ, ಕೊನೇಲಿ, ಒಂದೇ ಸಲ, ಬಟ್ಟೆಗೆ ಕತ್ತರಿ. ಅದೂ ಗಿರಾಕಿ ಎದುರಿಗೇ. ಕತ್ತರಿನೇ ಹಾಕಲ್ಲ ಅಂದ್ರೆ ನೀನು ಟೈಲರ್ ಅಲ್ಲ, ಕಾಗದದ ವ್ಯಾಪಾರಿ."

ಇದನ್ನು ಯಾವ ಕಿರುಹೊತ್ತಿಗೆಯೂ ಇಷ್ಟು ಚೆನ್ನಾಗಿ ಹೇಳಿಲ್ಲ. (ನಾಲ್ಕನೆಯದರ ಹನ್ನೆರಡನೇ ಪುಟದಲ್ಲಿ ಇದೆ, ನಾನೇ ಹಾರಿಸಿ ಓದಿದ್ದೆ.) ಹನ್ನೆರಡನೇ ಫಂಕ್ಷನ್ ಬರೆದೆ. ಎಲ್ಲಕ್ಕಿಂತ ಕೊನೆಗೆ, ಬಾಗಿಲ ಬಳಿ, ಹೆಸರಿನಲ್ಲೇ ಹೇಳಿಕೊಂಡು: "ತೋರಿಸು". ತೋರಿಸಿತು! 187. ಉಳಿದದ್ದರಲ್ಲೂ ನೂರಕ್ಕೆ ಐದು ದಿನ ಬಿಟ್ಟ ಲೆಕ್ಕ ಇದು, ಕಾಣೆಯಾದ ದಿನಗಳೂ ಸೇರಬೇಕಲ್ಲ. ಆದರೂ ಕುಣಿದೆ.

ಆಮೇಲೆ ಬಸ್ಸಿನ ವಿಷಯ ಹೇಳಿಬಿಟ್ಟೆ. ಕನ್ನಡಕ ಮತ್ತೆ ಹಾಕಿಕೊಂಡಳು.

"ನನ್ನನ್ನ ಐವತ್ನಾಲ್ಕು ಸಲ ಅಳಿಸಿದಾರಾ? ಟಿಕೆಟ್ ತಗೊಂಡಿದ್ದೆ ಕಣೇ!"

ಜೂನ್ 15, ಶನಿವಾರ

ಇವತ್ತಿನ ಬಗ್ಗೆ ಬರೆದಷ್ಟೂ ಮುಗಿಯದು.

ಡಿಪೋಗೆ ಸರ್ ಮತ್ತು ನಾನು ಮಾತ್ರ ಹೋಗುವುದೆಂದಿತ್ತು. ಕಾಣೆಯಾದ ದಿನಗಳ ಪಟ್ಟಿ ಬರೆಯಲು ಬೆಳಗ್ಗೆ ಅವಸರದಲ್ಲಿ ಹಾಸಿಗೆಯ ಬಳಿ ಒಂದು ಹಾಳೆ ಕೈಗೆ ಸಿಕ್ಕಿತು, ಅದರ ಹಿಂಬದಿಯಲ್ಲಿ ಬರೆದುಕೊಂಡೆ. ಹೋಗಿ ನೋಡಿದರೆ ಗೇಟಿನಲ್ಲಿ ದೊಡ್ಡಮ್ಮ ನಿಂತಿದ್ದಾಳೆ, ಹಿಂದೆ ಅವಳ ಪಟಾಲಂ. ಏಳು ಜನ.

"ಅಳಿಸಿಹೋದವರು ಬಂದಿದೀವಿ" ಅಂದರು ಬೀಗ ರಿಪೇರಿಯವರು, ಕೈಯೆತ್ತಿ.

ಸರ್ ಅವರನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದು ಕೈ ಮುಗಿದು, "ಅಳಿಸಿದವನು ನಾನೇ" ಅಂದರು.

ದೊಡ್ಡಮ್ಮ ಅವರನ್ನು ಮೇಲಿಂದ ಕೆಳಗೆ ಅಳೆದಳು. "ಅಂಗಿ ಗುಂಡಿ ಒಂದು ಜೋಲ್ತಿದೆ ನಿಮ್ದು. ಮೊದಲು ಬೀರು ತೆಗೀರಿ, ಆಮೇಲೆ ಹೊಲಿದ್ಕೊಡ್ತೀನಿ."

ಬೀರು ತೆಗೆಯಲಾಗಲಿಲ್ಲ. ಕೀಲಿ ಒಳಗೇ ಮುರಿದಿತ್ತು. ಡಿಪೋದ ಕಾವಲುಗಾರ ಸೋಮವಾರ ಬನ್ನಿ ಅಂದ. ಬೀಗ ರಿಪೇರಿಯವರು ಜೇಬಿನಿಂದ ಒಂದು ತಂತಿ ತೆಗೆದು, "ಸೋಮವಾರ ಯಾಕಪ್ಪಾ?" ಅನ್ನುವಷ್ಟರಲ್ಲಿ ಬೀರು ತೆರೆದಿತ್ತು. ಕಾವಲುಗಾರ ಅವರನ್ನು ಆಮೇಲೆ ಇಡೀ ದಿನ ಕಣ್ಣಿಟ್ಟು ನೋಡುತ್ತಿದ್ದ.

ಸಾವಿರಾರು ಶೀಟುಗಳು, ಟೀ ಲೋಟದ ವೃತ್ತಗಳೊಂದಿಗೆ. ಡ್ರೈವರುಗಳ ಅಕ್ಷರ ಕೋಳಿ ಕಾಲಿನಂತೆ. ನಾನು ತಲೆ ಮೇಲೆ ಕೈಹೊತ್ತು ಕೂತಾಗ ನಿವೃತ್ತ ನರ್ಸ್ ಒಂದು ಶೀಟು ಎತ್ತಿ ಸರಾಗವಾಗಿ ಓದಿದರು.

"ಹೇಗೆ ಓದಿದ್ರಿ ಆಂಟಿ?"

"ಮೂವತ್ತೈದು ವರ್ಷ ಡಾಕ್ಟರುಗಳ ಅಕ್ಷರ ಓದಿದೀನಿ. ಇದು ಅಚ್ಚು ಹಾಕಿದ ಹಾಗಿದೆ."

ಅವರು ಓದಿದರು, ಸರ್ ಪಟ್ಟಿಗೆ ಸೇರಿಸಿದರು, ನಾನು ಸರಿ ನೋಡಿದೆ. ಪ್ರತಿ ದಿನ ಸಿಕ್ಕಾಗಲೂ ಒಂದು ಚಪ್ಪಾಳೆ. "ಮಾರ್ಚ್ ಹದಿನಾಲ್ಕು, ನಾನೂರಾ ಹನ್ನೊಂದು!" "ಅವತ್ತೇ ಅಲ್ವಾ ನಿಮ್ಮ ಕೊಡೆ ಮರ್ತಿದ್ದು?" "ಮರ್ತಿದ್ದಲ್ಲ, ನೀವು ಕದ್ದಿದ್ದು!" ಅಂಕಿಗಳ ಜೊತೆ ಇಷ್ಟು ಗಲಾಟೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಅವು ಸದ್ದಿಲ್ಲದೆ ಕೂತಿದ್ದವು.

ಸಂಜೆ ಐದಕ್ಕೆ 52 ದಿನ ಸಿಕ್ಕಿದ್ದವು. ಸರ್ ಅವರ ಗುಂಡಿಯೂ ಗಟ್ಟಿಯಾಗಿತ್ತು.

ಜೂನ್ 16, ಭಾನುವಾರ

ಇನ್ನೆರಡು ದಿನಗಳ ಶೀಟು ಇಲ್ಲವೇ ಇಲ್ಲ. "ನಾನೂರು ಅಂತ ಹಾಕಮ್ಮ, ಅಷ್ಟೇ ಇರತ್ತೆ. ನಾನಂತೂ ಇದ್ದೆ, ಒಂದನ್ನಾದ್ರೂ ಹಾಕು" ಎಂದಳು ದೊಡ್ಡಮ್ಮ. ಆಗುವುದಿಲ್ಲ ಎಂದೆ. ಗೊತ್ತಿಲ್ಲದ್ದಕ್ಕೆ ಆರ್‌ನಲ್ಲಿ ಒಂದು ಗುರುತಿದೆ, "ಗೊತ್ತಿಲ್ಲ" ಎಂದೇ ಅರ್ಥ. ಅದು ಒಂದಿದ್ದರೂ ಸರಾಸರಿ ಕೇಳಿದರೆ ಆರ್ "ಗೊತ್ತಿಲ್ಲ" ಅನ್ನುತ್ತದೆ. ಅದನ್ನು ಬಿಟ್ಟು ಲೆಕ್ಕ ಮಾಡು ಎಂದು ನಾವೇ ಬಾಯಿಬಿಟ್ಟು ಹೇಳಬೇಕು. ಎಷ್ಟು ಪ್ರಾಮಾಣಿಕ ಭಾಷೆ!

ಜನ ತುಂಬಿದ ದಿನಗಳನ್ನು ಬಿಡುವ ಫಂಕ್ಷನ್ನನ್ನೇ ತೆಗೆದೆವು. ಜನ ಜಾಸ್ತಿ ಬಂದ ದಿನ ತಪ್ಪು ದಿನವಲ್ಲ ಎಂದು ಸರ್ ಅವರೇ ಹೇಳಿದರು.

232.

ಮತ್ತೆ ಓಡಿಸಿದೆ. 232. ಹನ್ನೊಂದು ಸಲ ಓಡಿಸಿದೆ, ಬರೀ ಖುಷಿಗೆ. ಹನ್ನೊಂದು ಸಲವೂ 232.

ಜೂನ್ 19, ಬುಧವಾರ

ನಿರ್ದೇಶಕಿಯ ಕೋಣೆಗೆ ಇಬ್ಬರೂ ಹೋದೆವು. ನಾನು ಎರಡು ಪುಟದ ಭಾಷಣ ಬರೆದುಕೊಂಡಿದ್ದೆ. ಸರ್ ನನಗಿಂತ ಮೊದಲೇ ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿಬಿಟ್ಟರು.

ನಿರ್ದೇಶಕಿ ಹಣೆ ಒತ್ತಿಕೊಂಡರು. "ಹಸಿರು ವರದಿ ಆಗ್ಲೇ ಸಮಿತಿಗೆ ಹೋಗಿದೆ. ಈಗ ಬದಲಾಯಿಸಿದ್ರೆ ನಮ್ಮ ಲೆಕ್ಕಾನೇ ಯಾರೂ ನಂಬಲ್ಲ. ಇದೊಂದು ಸಲ ಹಾಗೇ ಇರಲಿ ಬಿಡಿ. ಏನಂತೀರಿ?"

ಅವರು ಏನನ್ನುತ್ತಾರೆಂದು ನನಗೆ ಗೊತ್ತಿತ್ತು. ಇಡೀ ಕಚೇರಿಗೆ ಗೊತ್ತು. ಸರ್ ಗಟ್ಟಿಯಾದ ಗುಂಡಿಯನ್ನು ಒಮ್ಮೆ ಮುಟ್ಟಿಕೊಂಡರು.

"ಆಗಲ್ಲ ಮೇಡಂ."

ನಿರ್ದೇಶಕಿ ಹಣೆಯಿಂದ ಕೈ ತೆಗೆದರು.

"ಆ ಬಸ್ಸಿನವರ ಜೊತೆ ಶನಿವಾರ ಇಡೀ ದಿನ ಕೂತಿದ್ದೆ. ಇನ್ನೊಂದ್ಸಲ ಅವರನ್ನ ಇಳಿಸೋಕೆ ನನ್ನ ಕೈಲಾಗಲ್ಲ. ತಪ್ಪು ನನ್ನದು ಅಂತ ಸಮಿತಿ ಮುಂದೆ ನಾನೇ ಹೇಳ್ತೀನಿ."

ನಿರ್ದೇಶಕಿ ಕಿಟಕಿಯ ಕಡೆ ತಿರುಗಿದರು. ಕೊನೆಗೆ ಹೊಸ ವರದಿಯನ್ನು ಎಳೆದುಕೊಂಡು, "ಸರಿ. ಇಬ್ಬರೂ ಬನ್ನಿ. ಆದ್ರೆ ಗ್ರಾಫ್... ಮೊದಲ್ನೇ ನೀಲೀನೇ ಚೆನ್ನಾಗಿತ್ತೇನೋ" ಅಂದರು.

"ಆಗಲಿ ಮೇಡಂ" ಅಂದರು ಸರ್, ಮುಖ ಅರಳಿಸಿ. "ಎಷ್ಟು ಬಣ್ಣ ಬೇಕಾದ್ರೂ ಕೇಳಿ. ಇನ್ನು ಯಾರೂ ಇಳಿಯಲ್ಲ."

ನನ್ನ ಭಾಷಣ ಜೇಬಿನಲ್ಲೇ ಉಳಿಯಿತು. ಚೆನ್ನಾಗಿತ್ತು ಅದು. ಇರಲಿ.

ಜೂನ್ 28, ಶುಕ್ರವಾರ

ಏಳನೇ ನಂಬರ್ ಉಳಿಯಿತು!

ಸಮಿತಿಯಲ್ಲಿ ಐದು ಜನ. ಸರ್ ಎದ್ದು ನಿಂತು ತಪ್ಪು ಒಪ್ಪಿಕೊಂಡರು. ಒಬ್ಬ ಸದಸ್ಯರು, "ಹಿಂದಿನದ್ದು ತಪ್ಪು ಅಂತೀರಿ. ಇದು ಸರಿ ಅಂತ ಹೇಗೆ ನಂಬೋದು?" ಎಂದು ಕೇಳಿದರು. ನಾನು ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ, "ನೀವೇ ಓಡಿಸಿ" ಅಂದೆ. ಓಡಿಸಿದರು. 232. ಇನ್ನೊಬ್ಬರು ಕನ್ನಡಕ ಹಾಕಿಕೊಂಡು ಓಡಿಸಿದರು. 232. ಸರದಿಯಲ್ಲಿ ಐವರೂ ಓಡಿಸಿದರು. ಐದನೆಯವರಿಗೆ ಇನ್ನೊಂದು ಸಲ ಬೇಕಾಯಿತು. ಎರಡು ದಿನ "ಗೊತ್ತಿಲ್ಲ" ಎಂದು ಬರೆದದ್ದನ್ನು ನೋಡಿ ಅಧ್ಯಕ್ಷರು, "ಈ ಕಚೇರಿಯಿಂದ ಈ ಮಾತು ಬಂದಿದ್ದು ಇದೇ ಮೊದಲು" ಅಂದರು. ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿ ದೊಡ್ಡಮ್ಮನ ಪಟಾಲಂ ನಕ್ಕದ್ದು ಸ್ವಲ್ಪ ಜಾಸ್ತಿಯೇ ಆಯಿತು.

ಕೊನೆಗೆ ಮುಚ್ಚುವಾಗ ಆರ್ ತನ್ನ ಮಾಮೂಲಿ ಪ್ರಶ್ನೆ ಕೇಳಿತು, ಇವತ್ತಿನ ಸ್ಥಿತಿಯನ್ನು ಉಳಿಸಲೇ ಎಂದು. ಸರ್ ನನ್ನ ಭುಜದ ಮೇಲಿಂದ ಕೈ ಚಾಚಿ, "ಬೇಡಪ್ಪಾ, ಕೇಳಿದ್ದಕ್ಕೆ ಸಂತೋಷ" ಎಂದು ಬಾಯಲ್ಲೂ ಹೇಳಿ ಕೀಲಿ ಒತ್ತಿದರು.

ಮೂರು ವಾರ ತುಂಬಾ ದಣಿದೆ, ಆದರೆ ನನ್ನ ತತ್ವಗಳಲ್ಲಿ ಏನೂ ಬದಲಾಗಿಲ್ಲ. ಒಂದೇ ಪ್ರಶ್ನೆಗೆ ಒಂದೇ ಉತ್ತರ, ಅದೇ ನಾನು. ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿದ್ದ ಚೀಟಿ ಮಾತ್ರ ಎಲ್ಲಿ ಹೋಯಿತೋ ಕಾಣುತ್ತಿಲ್ಲ. ಡಿಪೋದಲ್ಲಿ ಬಿಟ್ಟೆನೇನೋ. ಹುಡುಕಬೇಕು, ಬಿಡುವಾದಾಗ.

ಹೊರಗೆ ಮೆಟ್ಟಿಲ ಮೇಲೆ ದೊಡ್ಡಮ್ಮ ಸರ್ ಅವರನ್ನು ತಡೆದು ನಿಲ್ಲಿಸಿದಳು. "ಇಷ್ಟೆಲ್ಲಾ ಮಾಡಿದ್ರಿ, ಒಂದು ಸಲಾನಾದ್ರೂ ಏಳನೇ ನಂಬರ್ ಹತ್ತಿದೀರಾ?"

"ಇಲ್ಲಮ್ಮ. ನಮ್ಮನೆ ಆ ಕಡೆ."

"ಬನ್ನಿ. ಮಂಡಿ ನೋವಿಲ್ದಿದ್ರೂ ಪರವಾಗಿಲ್ಲ, ಕೂರ್ಸ್ಕೋತೀವಿ. ಇವಳನ್ನೂ ಕರ್ಕೊಂಡು ಬನ್ನಿ, ಇವಳು ಯಾರ ಜೊತೆಗೂ ಬೆರೆಯಲ್ಲ."

ಸರ್ ನನ್ನ ಮುಖ ನೋಡಿದರು. ಕಚೇರಿಗೆ ಅರ್ಧ ದಿನ ರಜೆ ಹಾಕಬೇಕು, ಹನ್ನೆರಡು ವರದಿ ಬಾಕಿ ಇದೆ.

"ಆಗಲಿ" ಅಂದೆ.

ಬಸ್ಸು ಹತ್ತುವುದು ಜುಲೈ 2, ಮಂಗಳವಾರ. ಬೆಳಗ್ಗೆ ಎಂಟು ಇಪ್ಪತ್ತು. ದೊಡ್ಡಮ್ಮನ ಹಳೆಯ ಟೈಲರ್ ಅಂಗಡಿಯ ಮುಂದಿನ ನಿಲ್ದಾಣ.